ನಾಯಿಯ ಸೀನು, ತೆನೆಯ ಸುಂಕು

ಹುಣಸಗಿಯ ಸುತ್ತಲಿನ ಎರೆ ಹೊಲಗಳಲ್ಲಿ ಹಿಂಗಾರಿ ಜೋಳದ ರಾಶಿ ನಡೆಯುವ ದಿನಗಳಲ್ಲಿ ಮನೆಮಂದಿಯ ಹಿಂದೆ ಮನೆಯ ನಾಯಿಯೂ ಹೊಲಕ್ಕೆ ಹೊರಡುತ್ತದೆ. ಅದನ್ನು ಯಾರೂ ಕರೆಯಬೇಕಾಗಿಲ್ಲ. ಬುತ್ತಿಯ ಗಂಟು ಹೊರಬಿದ್ದದ್ದು ಕಂಡರೆ ಸಾಕು. ಜನ ಕಣದಲ್ಲಿ ದುಡಿಯುವಾಗ ಅದು ಬದುವಿನ ಒಣ ಹುಲ್ಲಿನಲ್ಲಿ ಮೂಗು ತೂರಿಸಿ ಇಲಿಯ ಬಿಲ ಹುಡುಕುತ್ತಿರುತ್ತದೆ. ಇದ್ದಕ್ಕಿದ್ದಂತೆ ಹಿಂದೆ ಸರಿದು ತಲೆ ಕೊಡವುತ್ತದೆ. ಒಂದು ಸೀನು. ಅದರ ಬೆನ್ನಿಗೇ ಇನ್ನೊಂದು. ಹತ್ತಾಗುತ್ತದೆ, ಹದಿನೈದಾಗುತ್ತದೆ, ನಿಲ್ಲುವುದಿಲ್ಲ. ಮುಂಗಾಲಿನಿಂದ ಮೂಗು ಉಜ್ಜಿಕೊಳ್ಳುತ್ತದೆ, ಮುಖವನ್ನು ನೆಲಕ್ಕೆ ತಿಕ್ಕುತ್ತದೆ, ಸೀನಿನ ರಭಸಕ್ಕೆ ಮೂತಿ ನೆಲಕ್ಕೆ ಬಡಿಯುವುದೂ ಉಂಟು.

"ಯಪ್ಪಾ, ನಾಯಿಗಿ ಏನೋ ಆಗ್ಯಾದ ನೋಡು" ಎಂದು ಹುಡುಗ ಕೂಗುತ್ತಾನೆ. "ಧೂಳ ಹೋಗಿರಬೇಕು ಬಿಡೋ" ಎಂದು ಅಪ್ಪ ಕೈಕೆಲಸ ಬಿಡದೆ ಉತ್ತರ ಕೊಡುತ್ತಾನೆ. ಸಂಜೆಯವರೆಗೆ ನಾಯಿ ಸೀನುತ್ತದೆ. ಮಾರನೆಯ ದಿನ ಸ್ವಲ್ಪ ಕಡಿಮೆ. ಮೂರು ನಾಲ್ಕು ದಿನ ಕಳೆಯುವಷ್ಟರಲ್ಲಿ ಸೀನು ನಿಂತೇ ಹೋಗುತ್ತದೆ, ಮನೆಯವರೂ ಮರೆಯುತ್ತಾರೆ. ಹತ್ತರಲ್ಲಿ ಹೆಚ್ಚು ಸಲ ಅಪ್ಪ ಹೇಳಿದ್ದೇ ಸರಿ. ಅದು ಧೂಳೇ ಆಗಿರುತ್ತದೆ. ಅಪ್ಪ ಹೇಳಿದ್ದು ತಪ್ಪಾಗುವ ಒಂದೆರಡು ಸಲ ಮಾತ್ರ ಆ ನಾಯಿಯ ಪಾಡು ಕಠಿಣ.

ನಮ್ಮಲ್ಲಿ ಸೀನಿಗೆ ಶಕುನದ ಪಟ್ಟ ಸಿಕ್ಕಿ ಬಹಳ ಕಾಲವಾಯಿತು. ಹೊರಟವರ ಎದುರು ಯಾರಾದರೂ ಒಂಟಿ ಸೀನು ಸೀನಿದರೆ ಒಂದು ಗಳಿಗೆ ಕುಳಿತು, ನೀರು ಕುಡಿದು ಹೋಗುವ ರೂಢಿ ಇನ್ನೂ ಇದೆ. ಜೋಡಿ ಸೀನಾದರೆ ಅಡ್ಡಿಯಿಲ್ಲವಂತೆ. ಮಗು ಸೀನಿದರೆ ನೂರು ವರ್ಷ ಬಾಳೆಂದು ಹರಸುತ್ತಾರೆ. ನಾಯಿಯ ಸೀನಿಗೆ ಮಾತ್ರ ಹರಕೆಯೂ ಇಲ್ಲ, ಗಮನವೂ ಇಲ್ಲ. ಆದರೆ ಎಣಿಕೆ ಲೆಕ್ಕಕ್ಕೆ ಬರುವುದು ಅಲ್ಲಿಯೇ. ನಾಯಿ ಎಷ್ಟು ಸಲ ಸೀನಿತು, ಯಾವ ಹೊತ್ತಿಗೆ ಶುರುವಾಯಿತು, ಯಾವ ಹೊಳ್ಳೆಯಿಂದ ಏನು ಬಂತು ಎಂಬುದನ್ನು ನೋಡಿಟ್ಟುಕೊಂಡವರಿಗೆ ಅರ್ಧ ರೋಗ ತಿಳಿದಂತೆ.

ಮೊದಲು ಸೀನು ಹೇಗೆ ಹುಟ್ಟುತ್ತದೆ ನೋಡೋಣ. ಮೂಗಿನ ಒಳಪೊರೆಯಲ್ಲಿ ಮುಖದ ಸ್ಪರ್ಶ, ನೋವುಗಳನ್ನು ಮಿದುಳಿಗೆ ಒಯ್ಯುವ ನರವೊಂದರ ಕವಲುಗಳು ಹರಡಿಕೊಂಡಿವೆ. ತಲೆಯ ನರಗಳ ಪೈಕಿ ಇದು ಐದನೆಯದು. ಒಳಗೆ ಏನಾದರೂ ತಾಕಿದರೆ ಸುದ್ದಿ ಮಿದುಳಿನ ಬುಡಕ್ಕೆ ಮುಟ್ಟುತ್ತದೆ. ಅಲ್ಲಿಂದ ಆಜ್ಞೆ ಹೊರಡುತ್ತದೆ. ಎದೆ ಗಾಳಿ ತುಂಬಿಕೊಳ್ಳುತ್ತದೆ, ಗಂಟಲ ಬಾಗಿಲು ಕ್ಷಣಕಾಲ ಮುಚ್ಚಿಕೊಳ್ಳುತ್ತದೆ, ಒಳಗಿನ ಒತ್ತಡ ಏರುತ್ತದೆ, ಬಾಗಿಲು ತಟ್ಟನೆ ತೆರೆದು ಗಾಳಿ ಮೂಗಿನ ಮೂಲಕ ನುಗ್ಗುತ್ತದೆ. ಇದು ಮನುಷ್ಯನಲ್ಲೂ ಹಾಗೆಯೇ, ನಾಯಿಯಲ್ಲೂ ಹಾಗೆಯೇ. ಇಚ್ಛೆಯಿಂದ ತಡೆಯಲು ಆಗದ ಕ್ರಿಯೆ ಇದು. ಮೂಗು ತನ್ನ ಮನೆಯನ್ನು ತಾನೇ ಗುಡಿಸಿಕೊಳ್ಳುವ ಬಗೆ ಎನ್ನಬಹುದು.

ಆದರೆ ನಾಯಿಯ ಮೂಗು ನಮ್ಮ ಮೂಗಿನಂಥದಲ್ಲ. ನಮ್ಮ ಮೂಗಿನಲ್ಲಿ ವಾಸನೆ ಗುರುತಿಸುವ ಕೋಶಗಳು ಸುಮಾರು 50ರಿಂದ 60 ಲಕ್ಷ ಎಂದು ಲೆಕ್ಕ ಹಾಕುತ್ತಾರೆ. ನಾಯಿಗಳಲ್ಲಿ ತಳಿಗೆ ತಕ್ಕಂತೆ ಇದು 10 ಕೋಟಿಯಿಂದ 30 ಕೋಟಿಯವರೆಗೆ ಇರುತ್ತದೆ. ಇಷ್ಟೊಂದು ಕೋಶಗಳಿಗೆ ಜಾಗ ಎಲ್ಲಿಂದ ಬರಬೇಕು? ಅದಕ್ಕಾಗಿ ಮೂತಿಯ ಒಳಗೆ ಕಾಗದಕ್ಕಿಂತ ತುಸು ದಪ್ಪ ಎನ್ನುವಂಥ ತೆಳು ಮೂಳೆಗಳು ಸುರುಳಿ ಸುರುಳಿಯಾಗಿ ಸುತ್ತಿಕೊಂಡಿವೆ. ಅವುಗಳ ಮೇಲೆಲ್ಲ ಒದ್ದೆಯ ಪೊರೆ. ಒಂದು ಸುರುಳಿಗೂ ಇನ್ನೊಂದಕ್ಕೂ ನಡುವೆ ಕಿರಿದಾದ ಸಂದು. ನಟ್ಟನಡುವೆ ಒಂದು ಗೋಡೆ ಇದ್ದು, ಎಡ ಬಲ ಎರಡು ಬೇರೆ ಬೇರೆ ಓಣಿಗಳಾಗಿವೆ. ಈ ಗೋಡೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂಸುವಾಗ ನಾಯಿ ಸೆಕೆಂಡಿಗೆ ಸುಮಾರು ಐದು ಸಲ ಗಾಳಿ ಎಳೆದು ಬಿಡುತ್ತದೆ. ಹೊರಬಿಡುವ ಗಾಳಿ ನೇರ ಮುಂದಕ್ಕೆ ಬರದೆ ಹೊಳ್ಳೆಯ ಪಕ್ಕದಲ್ಲಿರುವ ಸೀಳಿನಿಂದ ಹಿಂದಕ್ಕೆ, ಕೆಳಕ್ಕೆ ಹೋಗುತ್ತದೆ. ನೆಲಕ್ಕೆ ಮೂಗು ಹಚ್ಚಿದಾಗ ಆ ಗಾಳಿ ಧೂಳನ್ನು ಎಬ್ಬಿಸುತ್ತದೆ, ಎದ್ದ ಧೂಳಿನ ಜೊತೆಗೆ ವಾಸನೆಯೂ ಮೇಲೇಳುತ್ತದೆ, ಮರುಕ್ಷಣ ಅದನ್ನು ಒಳಗೆಳೆದುಕೊಳ್ಳುತ್ತದೆ. ಬಹಳ ಚೆಂದದ ಏರ್ಪಾಡು. ಆದರೆ ರಾಶಿಯ ಕಣದಲ್ಲಿ ಹಾಗೆ ಮೂಸಿದರೆ ವಾಸನೆಯ ಜೊತೆ ಹೊಟ್ಟು, ಸುಂಕು, ಹುಲ್ಲಿನ ಬೀಜ ಎಲ್ಲವೂ ಒಳಗೆ ಹೋಗುವುದಕ್ಕೆ ಅಡ್ಡಿಯೇನಿದೆ?

ಹುಣಸಗಿ ಇಂದು ಯಾದಗಿರಿ ಜಿಲ್ಲೆಯ ತಾಲ್ಲೂಕು ಕೇಂದ್ರ. ಮೊದಲು ಸುರಪುರ ತಾಲ್ಲೂಕಿಗೆ ಸೇರಿತ್ತು. ಪ್ರಾಚ್ಯ ಸಂಶೋಧಕರಿಗೆ ಈ ಹೆಸರು ಬೇರೆಯೇ ಕಾರಣಕ್ಕೆ ಗೊತ್ತು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ವರ್ಷಗಟ್ಟಲೆ ತಿರುಗಿ ಹಳೆಯ ಶಿಲಾಯುಗದ ನೆಲೆಗಳನ್ನು ಗುರುತಿಸಿದರು. ಹತ್ತಿರದ ಇಸಾಂಪುರದ ಕಲ್ಲಿನ ಉಪಕರಣಗಳ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಅಂದಾಜು ಮಾಡಲಾಗಿದೆ. ಆ ಕಲ್ಲು ಕೆತ್ತಿದವರ ಜೊತೆ ನಾಯಿ ಇರಲಿಲ್ಲ. ನಾಯಿ ಮನುಷ್ಯನ ಹಿಂದೆ ಬಿದ್ದು ಹದಿನೈದು ಸಾವಿರ ವರ್ಷಗಳ ಮೇಲೆ ಸ್ವಲ್ಪ ಆಗಿರಬಹುದು, ಅಷ್ಟೇ. ಅದು ಬಂದ ಮೇಲೆ ಈ ಸೀಮೆಯ ಕುರಿ ಹಟ್ಟಿಯನ್ನೂ ಹೊಲದ ಕಣವನ್ನೂ ಬಿಟ್ಟು ಹೋಗಿಲ್ಲ.

ಈ ಸೀಮೆಯಲ್ಲಿ ಈಗ ಎರಡು ತರಹದ ಹೊಲ ಕಾಣುತ್ತವೆ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ಹರಿದ ಕಡೆ ಭತ್ತ ಬಂತು. ನೀರು ಹತ್ತದ ಕಡೆ ಜೋಳ, ತೊಗರಿ, ಹತ್ತಿ. ಮೆಣಸಿನಕಾಯಿಯೂ ಉಂಟು. ತೊಗರಿ ರಾಶಿಯ ಹೊಟ್ಟು, ಜೋಳದ ರಾಶಿಯ ಸುಂಕು, ಒಣಗಲು ಹರವಿದ ಮೆಣಸಿನಕಾಯಿಯ ಘಾಟು, ಹೀಗೆ ಸೀನಿಗೆ ಕಾರಣಗಳ ಕೊರತೆ ಇಲ್ಲ. ಜೋಳದ ಸುಂಕು ಮೈಮೇಲೆ ಬಿದ್ದರೆ ಮನುಷ್ಯರಿಗೇ ದಿನವಿಡೀ ತುರಿಕೆ. ಧೂಳು, ಘಾಟು, ಹೊಗೆಗಳಿಂದ ಬಂದ ಸೀನು ಆ ಜಾಗ ಬಿಟ್ಟು ದೂರ ಬಂದರೆ ಹೆಚ್ಚಾಗಿ ಅಂದೇ ಇಳಿಯುತ್ತದೆ. ಮನೆಯಲ್ಲಿ ಸೊಳ್ಳೆ ಬತ್ತಿ, ಊದುಬತ್ತಿ, ನೆಲಕ್ಕೆ ಬಳಿದ ಫಿನೈಲು ಇವುಗಳಿಗೂ ನಾಯಿ ಹೀಗೆಯೇ ಸೀನುತ್ತದೆ.

ಕಷ್ಟ ಕೊಡುವುದು ಮುಳ್ಳಿರುವ ಬೀಜ ಮತ್ತು ತೆನೆಯ ಸುಂಕು. ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಒಣಗಿದ ಗೋಧಿ ತೆನೆಯಿಂದ ಒಂದು ಸುಂಕನ್ನು ಕಿತ್ತುಕೊಳ್ಳಿ. ಹೆಬ್ಬೆರಳು, ತೋರುಬೆರಳುಗಳ ನಡುವೆ ಹಗುರವಾಗಿ ಹಿಡಿದು ಬೆರಳುಗಳನ್ನು ಹಿಂದೆ ಮುಂದೆ ಉಜ್ಜಿ. ನೀವು ಎರಡೂ ಕಡೆಗೆ ಉಜ್ಜಿದರೂ ಸುಂಕು ಒಂದೇ ಕಡೆಗೆ, ಅಂದರೆ ತನ್ನ ಬುಡದ ಕಡೆಗೆ, ಸರಿಯುತ್ತ ಹೋಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಗುಟ್ಟು ತಿಳಿಯುತ್ತದೆ. ಅದರ ಮೈತುಂಬ ಗರಗಸದ ಹಲ್ಲಿನಂಥ ಸಣ್ಣ ಮುಳ್ಳುಗಳು, ಎಲ್ಲವೂ ತುದಿಯ ಕಡೆಗೆ ಬಾಗಿವೆ. ಅಂಗಿಯ ತೋಳಿನೊಳಗೆ ತೆನೆ ಇಟ್ಟುಕೊಂಡು ಕೈ ಬೀಸಿದರೆ ಅದು ತಾನಾಗಿ ಮೇಲೇರುವ ಆಟವನ್ನು ಹಳ್ಳಿಯ ಮಕ್ಕಳು ಯಾವ ವಿಜ್ಞಾನದ ಪಾಠವೂ ಇಲ್ಲದೆ ಆಡುತ್ತ ಬಂದಿದ್ದಾರೆ.

ಬೀಳು ನೆಲದಲ್ಲಿ, ಗುಡ್ಡದ ಇಳಿಜಾರಿನಲ್ಲಿ ಬೆಳೆಯುವ ಈಟಿಯಂಥ ಬೀಜದ ಹುಲ್ಲು ಇನ್ನೂ ಒಂದು ಹೆಜ್ಜೆ ಮುಂದೆ. ವಿಜ್ಞಾನಿಗಳು ಅದನ್ನು ಹೆಟೆರೊಪೋಗನ್ ಕಂಟಾರ್ಟಸ್ ಎನ್ನುತ್ತಾರೆ. ಅದರ ಬೀಜದ ಬಾಲ ಒಣಗಿದಾಗ ಹಗ್ಗದಂತೆ ಹುರಿಗೊಂಡಿರುತ್ತದೆ, ಒದ್ದೆಯಾದರೆ ಹುರಿ ಬಿಚ್ಚಿಕೊಳ್ಳುತ್ತ ತಿರುಗುತ್ತದೆ. ಮಳೆಯಲ್ಲಿ ತಿರುಗಿ ಮಣ್ಣಿನೊಳಗೆ ತಾನೇ ಕೊರೆದುಕೊಂಡು ಹೋಗಲಿ ಎಂದು ಪ್ರಕೃತಿ ಮಾಡಿದ ಉಪಾಯ. ಮೂಗಿನ ಒಳಗೂ ಒದ್ದೆ ಇರುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಬಟ್ಟೆಗೆ ಅಂಟುವ ಉತ್ತರಾಣಿಯ ಬೀಜವೂ ಇದೇ ಜಾತಿಯ ಕಿರುಕುಳ.

ಈಗ ಸೀನಿನ ಕಷ್ಟ ಅರ್ಥವಾಗುತ್ತದೆ. ಸೀನಿನ ಗಾಳಿ ಸುಂಕನ್ನು ಹೊರಕ್ಕೆ ತಳ್ಳಲು ನೋಡುತ್ತದೆ. ಆದರೆ ಮುಳ್ಳುಗಳು ಪೊರೆಗೆ ಕಚ್ಚಿಕೊಂಡು ಹೊರಬರಲು ಬಿಡುವುದಿಲ್ಲ. ಪ್ರತಿ ಸೀನೂ, ಪ್ರತಿ ಉಸಿರೂ ಅದನ್ನು ಅಲುಗಿಸುತ್ತದೆ, ಅಲುಗಿದಷ್ಟೂ ಅದು ಒಳಕ್ಕೆ ಸರಿಯುತ್ತದೆ. ಬೆರಳ ನಡುವಿನ ಸುಂಕು ಮಾಡಿದ್ದೂ ಇದನ್ನೇ. ಹೊರಹಾಕುವ ಯತ್ನವೇ ಒಳಹಾಕುವ ಕೆಲಸವಾಗುತ್ತದೆ.

ಮೊದಲ ಒಂದೆರಡು ದಿನ ನಾಯಿಗೆ ವಿಪರೀತ ಸೀನು. ಒಮ್ಮೊಮ್ಮೆ ಒಂದು ಹೊಳ್ಳೆಯಿಂದ ರಕ್ತದ ಹನಿ. ಆಮೇಲೆ ಸೀನು ಇಳಿಯುತ್ತದೆ. ಅಪ್ಪ ಅಮ್ಮ ಮೋಸ ಹೋಗುವುದು ಇಲ್ಲಿಯೇ. ಸುಂಕು ಹೊರಬಿದ್ದು ಸೀನು ನಿಂತಿರಬಹುದು, ನಿಜ. ಆದರೆ ಸುಂಕು ಒಳಗೇ ಕುಳಿತಿದ್ದರೂ ಸೀನು ಇಳಿಯುತ್ತದೆ! ಮೂಗಿನ ಪೊರೆ ಆ ಮುಳ್ಳಿನ ಸುತ್ತ ಲೋಳೆ ಸುರಿಸಿ ಅದನ್ನು ಮುಚ್ಚುತ್ತದೆ, ಸದಾ ಕುಟುಕಿಸಿಕೊಂಡ ನರಗಳೂ ಮೊದಲಿನಷ್ಟು ಚುರುಕಾಗಿ ಸುದ್ದಿ ಕಳಿಸುವುದಿಲ್ಲ. ವಾರ, ಹತ್ತು ದಿನ ಕಳೆದ ಮೇಲೆ ಒಂದೇ ಹೊಳ್ಳೆಯಿಂದ ಗಟ್ಟಿಯಾದ, ಹಳದಿ ಅಥವಾ ಹಸಿರು ಬಣ್ಣದ ಸಿಂಬಳ ಇಳಿಯತೊಡಗುತ್ತದೆ. ಕೆಟ್ಟ ವಾಸನೆ. ಔಷಧದ ಅಂಗಡಿಯಿಂದ ತಂದ ಮಾತ್ರೆ ಕೊಟ್ಟರೆ ಒಣಗಿದಂತೆ ಕಾಣುತ್ತದೆ, ಮಾತ್ರೆ ನಿಂತ ನಾಲ್ಕು ದಿನಕ್ಕೆ ಮತ್ತೆ ಶುರು. ಮುಳ್ಳು ಕೀಳದೆ ಕಾಲಿನ ಕೀವು ಒಣಗಿಸಲು ಹೊರಟಂತೆ ಇದು. ತೀರ ಅಪರೂಪಕ್ಕೆ ಇಂಥ ಸುಂಕು ಉಸಿರಿನ ಜೊತೆ ಶ್ವಾಸಕೋಶದವರೆಗೂ ಇಳಿದು ಕೀವು ಮಾಡಿದ ಪ್ರಕರಣಗಳು ಪಶುವೈದ್ಯರ ದಾಖಲೆಗಳಲ್ಲಿವೆ.

ಆದ್ದರಿಂದ ಒಂದೇ ಮಾತಿನಲ್ಲಿ ಹೇಳುವುದಾದರೆ, ಹೊಲದಲ್ಲಿ ತಟ್ಟನೆ ಶುರುವಾದ ಸೀನು ಒಂದು ದಿನದಲ್ಲಿ ಪೂರ್ತಿ ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಬೇಕಾದದ್ದು ಆಗಲೇ, ಸಿಂಬಳ ಇಳಿದ ಮೇಲಲ್ಲ. ಮೊದಲ ದಿನಗಳಲ್ಲಿ ಸುಂಕು ಹೊಳ್ಳೆಯ ಬಾಯಿಯ ಹತ್ತಿರವೇ ಇರಬಹುದು. ತಡವಾದಷ್ಟೂ ಸುರುಳಿ ಮೂಳೆಗಳ ಸಂದಿಯಲ್ಲಿ ಹುಡುಕಬೇಕಾಗುತ್ತದೆ.

ಮುಂಚೆ ಹೇಳಿದ ನಡುಗೋಡೆ ಈಗ ಕೆಲಸಕ್ಕೆ ಬರುತ್ತದೆ. ಹೊರಗಿನಿಂದ ಹೊಕ್ಕ ವಸ್ತು ಒಂದು ಓಣಿಯಲ್ಲಿ ಮಾತ್ರ ಇರುವುದರಿಂದ ತೊಂದರೆ ಒಂದೇ ಹೊಳ್ಳೆಗೆ. ಮೈಗೆಲ್ಲ ಬಂದ ರೋಗವಾದರೆ ಹೆಚ್ಚಾಗಿ ಎರಡೂ ಹೊಳ್ಳೆ ಸುರಿಯುತ್ತವೆ. ಯಾವ ಹೊಳ್ಳೆ ಕಟ್ಟಿದೆ ಎಂದು ನೋಡಲು ಒಂದು ಸುಲಭ ಉಪಾಯವಿದೆ. ನಾಯಿ ಸಮಾಧಾನವಾಗಿ ಕುಳಿತಾಗ ತಣ್ಣಗಿನ ಸಣ್ಣ ಕನ್ನಡಿಯನ್ನೋ ಸ್ಟೀಲಿನ ತಟ್ಟೆಯನ್ನೋ ಅದರ ಮೂಗಿನ ಮುಂದೆ ಹಿಡಿಯಿರಿ. ಎರಡೂ ಹೊಳ್ಳೆ ತೆರೆದಿದ್ದರೆ ಉಸಿರಿನ ಎರಡು ಮಬ್ಬು ಗುರುತು ಮೂಡುತ್ತವೆ. ಒಂದು ಕಟ್ಟಿದ್ದರೆ ಆ ಕಡೆಯ ಗುರುತು ಚಿಕ್ಕದು, ಇಲ್ಲವೇ ಇಲ್ಲವೇ ಇಲ್ಲ. ಇದನ್ನು ಮನೆಯ, ಲಸಿಕೆ ಹಾಕಿಸಿದ, ಕೈಗೆ ಒಗ್ಗಿದ ನಾಯಿಗೆ ಮಾತ್ರ, ದೊಡ್ಡವರು ಹತ್ತಿರ ಇದ್ದಾಗ ಮಾಡಬೇಕು.

ಎರಡೂ ಕಡೆ ಸುರಿಯುವ ರೋಗಗಳಲ್ಲಿ ಭಯಪಡಬೇಕಾದದ್ದು ಡಿಸ್ಟೆಂಪರ್. ಮರಿಗಳಿಗೆ ಹೆಚ್ಚು. ಜ್ವರ, ಕಣ್ಣಲ್ಲಿ ಪಿಚ್ಚು, ಮೂಗಲ್ಲಿ ಗಟ್ಟಿ ಸಿಂಬಳ, ಕೆಮ್ಮು, ಬೇಧಿ, ಕೊನೆಗೆ ಸ್ನಾಯುಗಳ ಸೆಳೆತ ಮತ್ತು ಫಿಟ್ಸು. ಇದು ವೈರಸ್ಸಿನ ರೋಗ. ಬಂದ ಮೇಲೆ ವೈರಸ್ಸನ್ನೇ ಕೊಲ್ಲುವ ಖಚಿತ ಮದ್ದಿಲ್ಲ. ಆರರಿಂದ ಎಂಟು ವಾರದ ಮರಿಗೆ ಶುರುಮಾಡಿ ಕ್ರಮವಾಗಿ ಹಾಕಿಸುವ ಲಸಿಕೆಯೇ ರಕ್ಷಣೆ. ಮೂಗಿನಿಂದ ರಕ್ತ ಮಾತ್ರ ಬರುತ್ತಿದೆ, ನಾಯಿ ಸೊರಗಿದೆ, ಮೈತುಂಬ ಉಣ್ಣೆ ಇವೆ ಎಂದರೆ ಉಣ್ಣೆಯಿಂದ ಹರಡುವ ಜ್ವರವನ್ನು ವೈದ್ಯರು ಮೊದಲು ಸಂಶಯಿಸುತ್ತಾರೆ. ನಮ್ಮ ದೇಶದ ಬಿಸಿ ಸೀಮೆಯಲ್ಲಿ ಇದು ಸಾಮಾನ್ಯ, ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ, ಬೇಗ ತಿಳಿದರೆ ಔಷಧವೂ ಇದೆ.

ಮುದಿ ನಾಯಿಯ ಸೀನಿಗೆ ಹಲ್ಲು ಕಾರಣವಾಗಿರಬಹುದೆಂದರೆ ಹಲವರು ನಂಬುವುದಿಲ್ಲ. ಮೇಲ್ದವಡೆಯ ಕೋರೆಹಲ್ಲಿನ ಬೇರಿಗೂ ಮೂಗಿನ ಓಣಿಗೂ ನಡುವೆ ಇರುವುದು ತೆಳ್ಳನೆಯ ಮೂಳೆ. ಬೇರು ಕೊಳೆತರೆ ಆ ಮೂಳೆ ತೂತಾಗಿ ತಿಂದ ಅನ್ನವೇ ಮೂಗಿಗೆ ಹೋಗುತ್ತದೆ. ವಯಸ್ಸಾದ ನಾಯಿಯ ಒಂದು ಹೊಳ್ಳೆಯಿಂದ ತಿಂಗಳುಗಟ್ಟಲೆ ರಕ್ತ, ಮುಖದ ಒಂದು ಕಡೆ ಉಬ್ಬು ಕಂಡರೆ ಗಡ್ಡೆಯ ಸಂಶಯವೂ ಇರುತ್ತದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಮೂಗಿನಲ್ಲಿ ಮಾಂಸದ ಕುಡಿಯಂತೆ ಬೆಳೆದು ರಕ್ತ ಸುರಿಸುವ ರೈನೋಸ್ಪೊರಿಡಿಯೋಸಿಸ್ ಎಂಬ ರೋಗವಿದೆ. ಕೆರೆ ಹೊಂಡಗಳ ನಿಂತ ನೀರಿಗೂ ಅದಕ್ಕೂ ನಂಟು ಇದೆಯೆಂದು ತಿಳಿಯಲಾಗಿದೆ. ನಾಯಿಗಳಲ್ಲಿ ಅಪರೂಪ.

ಊರಿಗೊಂದು ಬಗೆ ಎನ್ನುವುದು ಮೂಗಿಗೂ ಸಲ್ಲುತ್ತದೆ. ನಾರ್ವೆ, ಸ್ವೀಡನ್ನಿನ ನಾಯಿಗಳ ಮೂಗಿನಲ್ಲಿ ಒಂದು ಒಂದೂವರೆ ಮಿಲಿಮೀಟರಿನ ನುಸಿಗಳು ಮನೆ ಮಾಡಿಕೊಂಡು ಸೀನು ಬರಿಸುತ್ತವೆ. ಹಿಮಾಲಯದ ತಪ್ಪಲಿನಲ್ಲಿ ತೊರೆಯ ನೀರು ಕುಡಿಯುವ ನಾಯಿ, ದನಗಳ ಮೂಗಿಗೆ ಜಿಗಣೆ ಸೇರುವುದುಂಟು. ಹುಣಸಗಿಯ ಒಣ ಹೊಲದ ನಾಯಿಗೆ ಆ ಚಿಂತೆ ಕಡಿಮೆ. ಅದರ ಪಾಲಿಗೆ ಬಂದದ್ದು ಸುಂಕು.

ಮನುಷ್ಯರಿಗೆ ಕಾಂಗ್ರೆಸ್ ಗಿಡದ ಪರಾಗದಿಂದ ಸೀನು ಬಂದಂತೆ ನಾಯಿಗೂ ಅಲರ್ಜಿಯೇ ಇರಬೇಕೆಂದು ಪೇಟೆಯವರು ಸುಲಭವಾಗಿ ಹೇಳಿಬಿಡುತ್ತಾರೆ. ನಾಯಿಯ ಅಲರ್ಜಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಚರ್ಮದಲ್ಲಿ. ಕಾಲು ನೆಕ್ಕುವುದು, ಹೊಟ್ಟೆ ಕೆರೆಯುವುದು, ಕಿವಿ ಸೋರುವುದು, ಹೀಗೆ. ಬರೀ ಸೀನನ್ನು ಅಲರ್ಜಿಯ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಸರಿಯಲ್ಲ.

ಎಲ್ಲ ಸೀನೂ ರೋಗವಲ್ಲ ಎಂಬುದನ್ನೂ ಹೇಳಬೇಕು. ಮಕ್ಕಳ ಜೊತೆ ಆಡುವಾಗ ನಾಯಿ ನಡುನಡುವೆ ಸೀನುತ್ತದೆ. ಇದು ಖುಷಿಯ ಸೀನು. "ಇದು ಆಟ, ಜಗಳವಲ್ಲ" ಎಂದು ಎದುರಿನವರಿಗೆ ತಿಳಿಸುವ ಬಗೆ ಅದು ಎನ್ನುತ್ತಾರೆ. ಆಫ್ರಿಕದ ಬೋಟ್ಸ್ವಾನದಲ್ಲಿ ಕಾಡುನಾಯಿಗಳ ಗುಂಪುಗಳನ್ನು ಗಮನಿಸಿದ ಸಂಶೋಧಕರು 2017ರಲ್ಲಿ ಒಂದು ಸೋಜಿಗದ ವಿಷಯ ಪ್ರಕಟಿಸಿದರು. ವಿಶ್ರಾಂತಿ ಮುಗಿಸಿ ಬೇಟೆಗೆ ಹೊರಡುವ ಮೊದಲು ಆ ನಾಯಿಗಳು ಸೇರಿ ಸೀನುತ್ತವೆ. ಸೀನು ಹೆಚ್ಚಾದಷ್ಟೂ ಗುಂಪು ಹೊರಡುವುದು ಖಾತ್ರಿ. ಗುಂಪಿನ ಯಜಮಾನ ಜೋಡಿ ಮೊದಲು ಎದ್ದರೆ ಮೂರು ಸೀನು ಸಾಕು, ಸಾಮಾನ್ಯ ಸದಸ್ಯ ಎದ್ದರೆ ಹತ್ತಾದರೂ ಬೇಕು. ಸೀನಿನಿಂದ ಮತ ಹಾಕುವ ಪ್ರಜೆಗಳು! ನಮ್ಮಲ್ಲಿ ಹೊರಟಾಗ ಸೀನಿದರೆ ನಿಲ್ಲುತ್ತಾರೆ, ಅಲ್ಲಿ ಸೀನಿದ ಮೇಲೇ ಹೊರಡುತ್ತಾರೆ.

ಇನ್ನೊಂದು ಬಗೆಯ ಸದ್ದು ತಂದೆತಾಯಿಗಳನ್ನು ವೃಥಾ ಹೆದರಿಸುತ್ತದೆ. ನಾಯಿ ಕತ್ತು ಮುಂದೆ ಚಾಚಿ, ಮೊಣಕೈ ಅಗಲಿಸಿ ನಿಂತು, ಗೊರ ಗೊರ ಎಂದು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಉಸಿರುಕಟ್ಟಿ ಸತ್ತೇಹೋಯಿತೇನೋ ಎನಿಸುತ್ತದೆ. ಇದು ಹಿಮ್ಮುಖ ಸೀನು, ಮೂಗಿನ ಹಿಂಭಾಗದ ಕಿರಿಕಿರಿಯಿಂದ ಬರುವಂಥದು. ಹೆಚ್ಚೆಂದರೆ ಒಂದು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ, ನಿಂತ ಮೇಲೆ ನಾಯಿ ಏನೂ ಆಗದಂತೆ ಬಾಲ ಅಲ್ಲಾಡಿಸುತ್ತದೆ. ಗಂಟಲನ್ನು ಮೆಲ್ಲಗೆ ಸವರಿದರೆ ಸಾಕು. ದಿನಕ್ಕೆ ಹಲವು ಸಲ ಬಂದರೆ ಮಾತ್ರ ತೋರಿಸಬೇಕು.

ಉದ್ದ ಮೂತಿಯ ನಾಯಿ ಎಂದರೆ ಕನ್ನಡಿಗರಿಗೆ ನೆನಪಾಗುವುದು ಮುಧೋಳ. ಬೇಡ ಸಮುದಾಯದವರು ಬೇಟೆಗೆ ಬಳಸುತ್ತಿದ್ದ ನಾಯಿಗಳನ್ನು ಕಂಡು ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಬೆಳೆಸಿದರೆಂದು ಹೇಳುತ್ತಾರೆ. ಸುರಪುರವೂ ಬೇಡ ನಾಯಕರ ಸಂಸ್ಥಾನವೇ ಆಗಿತ್ತು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿ ಹೊರತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಈ ನಾಯಿ ಬೇಟೆಯನ್ನು ಮೂಸಿ ಹುಡುಕುವುದಕ್ಕಿಂತ ಕಣ್ಣಿಂದ ಕಂಡು ಅಟ್ಟುವಂಥದು. ಆದರೆ ಅಟ್ಟುತ್ತ ಹುಲ್ಲಿನೊಳಗೆ ನುಗ್ಗಿದಾಗ ಸುಂಕಿಗೆ ಆ ಭೇದ ಗೊತ್ತಿಲ್ಲ. ಉದ್ದ ಮೂತಿಯ ತಳಿಗಳಿಗೆ ಮೂಗಿನೊಳಗೆ ಬೂಷ್ಟಿನ ಸೋಂಕು ಹತ್ತುವ ಸಂಭವವೂ ಮೊಂಡು ಮೂತಿಯ ನಾಯಿಗಳಿಗಿಂತ ಹೆಚ್ಚು. ಅದರಲ್ಲಿ ಸೀನಿನ ಜೊತೆ ರಕ್ತ, ಮೂಗಿನ ತುದಿ ಬಣ್ಣ ಕಳೆದು ಹುಣ್ಣಾಗುವುದು ಕಾಣುತ್ತದೆ.

ಮನೆಮದ್ದಿನ ವಿಷಯದಲ್ಲಿ ಮಾತ್ರ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಮೂಗಿಗೆ ಎಣ್ಣೆ ಬಿಡುವುದು ಎಲ್ಲ ಕಡೆ ಇರುವ ರೂಢಿ. ಎಣ್ಣೆ ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿಂದ ಹೊರಬರುವುದಿಲ್ಲ, ನ್ಯುಮೋನಿಯಾ ಆಗುತ್ತದೆ. ಬೆಳ್ಳುಳ್ಳಿ ರಸ, ಈರುಳ್ಳಿ ರಸ ನಾಯಿಯ ರಕ್ತಕಣಗಳನ್ನು ಒಡೆಯುವ ಗುಣವುಳ್ಳವು. ಇನ್ನೂ ಸೀನಲಿ, ಹೊರಬೀಳಲಿ ಎಂದು ನಶ್ಯ ಊದುವುದು ಕ್ರೌರ್ಯ. ಮೂಗು ಕಟ್ಟಿದಾಗ ಮನುಷ್ಯರು ಹಾಕಿಕೊಳ್ಳುವ ಹನಿಗಳು ನಾಯಿಯ ಹೃದಯದ ಬಡಿತವನ್ನೇ ಕೆಡಿಸಬಲ್ಲವು. ಜ್ವರಕ್ಕೆಂದು ನಾವು ನುಂಗುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳು ನಾಯಿಗೆ ವಿಷವಾಗಬಹುದು. ಹೇರ್‌ಪಿನ್ನು, ಚಿಮಟ ಹಿಡಿದು ಹೊಳ್ಳೆಯೊಳಗೆ ಹುಡುಕಲು ಹೋದರೆ ಆ ತೆಳು ಸುರುಳಿ ಮೂಳೆಗಳು ಮುರಿಯುತ್ತವೆ. ಸುಂಕಿನ ತುದಿ ಹೊರಗೇ ಕಾಣುತ್ತಿದ್ದು ನಾಯಿ ಸುಮ್ಮನಿದ್ದರೆ ದೊಡ್ಡವರು ಬೆರಳಿನಿಂದ ನೇರವಾಗಿ ಎಳೆಯಬಹುದು. ಅದಕ್ಕಿಂತ ಹೆಚ್ಚಿನದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಹತ್ತಿ, ಭತ್ತ, ಮೆಣಸಿನಕಾಯಿಗೆ ಕೀಟನಾಶಕ ಹೊಡೆದ ಹೊಲದಿಂದ ಬಂದ ನಾಯಿ ಸೀನುವುದರ ಜೊತೆಗೆ ಜೊಲ್ಲು ಸುರಿಸಿ, ನಡುಗಿ, ಕಣ್ಣಿನ ಪಾಪೆ ಸಾಸಿವೆಯಷ್ಟು ಕಿರಿದಾಗಿದ್ದರೆ ಅದು ಸೀನಿನ ಮಾತೇ ಅಲ್ಲ. ವಿಷ ಏರಿದೆ. ಗಂಟೆ ಕೂಡ ಕಾಯುವಂತಿಲ್ಲ, ಔಷಧದ ಡಬ್ಬಿಯ ಹೆಸರು ಬರೆದುಕೊಂಡು ಆಸ್ಪತ್ರೆಗೆ ಓಡಬೇಕು.

ಮಕ್ಕಳಿಗೆ ಇನ್ನೊಂದು ಮಾತು, ಇದನ್ನು ಅಪ್ಪ ಅಮ್ಮನೂ ಓದಲಿ. ಸೀನುವುದು ಹುಚ್ಚುನಾಯಿ ರೋಗದ ಮುಖ್ಯ ಗುರುತಲ್ಲ. ಆದರೆ ನಾಯಿಯ ದವಡೆ ಜೋತುಬಿದ್ದು, ಜೊಲ್ಲು ಇಳಿದು, ದನಿ ಬದಲಾಗಿ, ನುಂಗಲಾಗದೆ ಒದ್ದಾಡುತ್ತಿದ್ದರೆ ನೋಡಿದವರು "ಗಂಟಲಲ್ಲಿ ಎಲುಬು ಸಿಕ್ಕಿದೆ, ಮೂಗಿಗೆ ಏನೋ ಹೊಕ್ಕಿದೆ" ಎಂದು ಬಾಯಿಗೆ ಕೈ ಹಾಕುವುದುಂಟು. ಹುಚ್ಚು ಹಿಡಿದ ನಾಯಿ ಹೀಗೆಯೇ ಕಾಣುತ್ತದೆ. ಕೈ ಹಾಕಲೇಬಾರದು. ಬೀದಿನಾಯಿಯ ಮೂಗನ್ನಂತೂ ಮುಟ್ಟುವ ಪ್ರಶ್ನೆಯೇ ಇಲ್ಲ. ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಸುಣ್ಣ, ಅರಿಶಿನ, ಖಾರದ ಪುಡಿ ಯಾವುದೂ ಬೇಡ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಅಪ್ಪ ಬೈಯುತ್ತಾರೆಂದು ಹೆದರಿ ಗಾಯ ಮುಚ್ಚಿಡುವ ಮಕ್ಕಳಿದ್ದಾರೆ. ಬೈಯುವುದಿಲ್ಲ ಎಂಬ ಭರವಸೆಯನ್ನು ಮನೆಯವರು ಮೊದಲೇ ಕೊಟ್ಟಿರಬೇಕು.

ಪಶುವೈದ್ಯರ ಹತ್ತಿರ ಹೋದರೆ ಏನು ಮಾಡುತ್ತಾರೆ? ಕಿವಿಯೊಳಗೆ ನೋಡುವ ದೀಪದ ಉಪಕರಣದಿಂದಲೇ ಹೊಳ್ಳೆಯ ಮುಂಭಾಗವನ್ನು ನೋಡುತ್ತಾರೆ. ನಾಯಿ ಎಷ್ಟೇ ಸಾಧುವಾದರೂ ಇದಕ್ಕೆ ಒಪ್ಪುವುದಿಲ್ಲ, ಆದ್ದರಿಂದ ಮತ್ತು ಬರುವ ಔಷಧ ಕೊಡಬೇಕಾಗುತ್ತದೆ. ಸುಂಕು ಕಂಡರೆ ಉದ್ದ ಚಿಮಟದಿಂದ ಹಿಡಿದು ಎಳೆಯುತ್ತಾರೆ. ಕಾಣದಿದ್ದರೆ ಗಂಟಲಿಗೆ ನೀರು ಇಳಿಯದಂತೆ ಜಾಗ್ರತೆ ಮಾಡಿ ಉಪ್ಪುನೀರಿನ ದ್ರಾವಣದಿಂದ ಮೂಗನ್ನು ತೊಳೆಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ತೆಳುವಾದ ಕೊಳವೆಯ ತುದಿಗೆ ಕ್ಯಾಮೆರಾ ಇರುವ ಉಪಕರಣ ಬೇಕು. ಅಂಥ ಸೌಲಭ್ಯ ಹುಡುಕಬೇಕಾದದ್ದು ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯಂಥ ದೊಡ್ಡ ಕಡೆ. ಹುಣಸಗಿಯಿಂದ ಬೀದರಿಗೆ ಇನ್ನೂರು ಕಿಲೋಮೀಟರಿಗೂ ಮೇಲೆ. ನಾಯಿಯನ್ನು ಅಷ್ಟು ದೂರ ಒಯ್ಯುವವರು ಎಷ್ಟು ಮಂದಿ? ಮೊದಲ ದಿನವೇ ಊರ ಪಶು ಆಸ್ಪತ್ರೆಗೆ ಒಯ್ದರೆ ಆ ಪ್ರಯಾಣ ಬಹಳ ಸಲ ತಪ್ಪುತ್ತದೆ.

ಹೊಲದಿಂದ ಬಂದ ಕೂಡಲೆ ನಾಯಿಯ ಮೈಮೇಲೆ ಕೈಯಾಡಿಸಿ ನೋಡುವ ಕೆಲಸವನ್ನು ಮನೆಯ ಹುಡುಗರಿಗೇ ವಹಿಸಬಹುದು. ಕಿವಿಯ ಒಳಗೆ, ಕಾಲ್ಬೆರಳುಗಳ ಸಂದಿಯಲ್ಲಿ, ಕಂಕುಳಲ್ಲಿ, ತುಟಿಯ ಅಂಚಿನಲ್ಲಿ ಅಂಟಿದ ಬೀಜ ಕಿತ್ತುಹಾಕಿದರೆ ಅವು ಆಮೇಲೆ ನೆಕ್ಕುವಾಗ ಮೂಗು ಬಾಯಿಗೆ ಸೇರುವುದಿಲ್ಲ. ರಾಶಿ ಮಷೀನು ಓಡುವಾಗ ನಾಯಿಯನ್ನು ಗಾಳಿ ಬೀಸುವ ಕಡೆಯಿಂದ ದೂರ, ಮರದ ನೆರಳಿಗೆ ಕಟ್ಟಿ ಕುಡಿಯಲು ನೀರಿಡಬೇಕು. ಸೀನು ಶುರುವಾಗಿಯೇಬಿಟ್ಟರೆ ಎಷ್ಟು ಹೊತ್ತಿಗೆ ಶುರುವಾಯಿತು, ಯಾವ ಹೊಳ್ಳೆ, ರಕ್ತ ಬಂತೇ ಎಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಳ್ಳಿ. ಫೋನಿನಲ್ಲಿ ಅದು ಸೀನುವುದನ್ನು ಚಿತ್ರ ತೆಗೆದರೆ ಇನ್ನೂ ಒಳ್ಳೆಯದು, ಏಕೆಂದರೆ ಆಸ್ಪತ್ರೆಯ ಮೇಜಿನ ಮೇಲೆ ನಿಲ್ಲಿಸಿದ ನಾಯಿ ಹೆದರಿಕೆಗೆ ಸೀನುವುದನ್ನೇ ಮರೆಯುತ್ತದೆ. ಹೋಗುವಾಗ ಅದು ಮೂಸುತ್ತಿದ್ದ ಬದುವಿನಿಂದ ಆ ಹುಲ್ಲಿನ ಒಂದು ತೆನೆಯನ್ನೂ ಕಿತ್ತು ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಒಳಗೆ ಹುಡುಕಬೇಕಾದದ್ದು ಎಷ್ಟು ಉದ್ದ, ಯಾವ ಬಣ್ಣ, ಮುಳ್ಳು ಯಾವ ಕಡೆಗೆ ಎಂದು ವೈದ್ಯರಿಗೆ ಅದರಿಂದ ತಿಳಿಯುತ್ತದೆ.